ಶ್ರುತಸೇವಾನಿರತ ಮುಖ್ಯ ನ್ಯಾಯಾಧೀಶ ಶ್ರೀ ಜೆ. ಎಲ್. ಜೈನಿ

ದೇವ, ಶಾಸ್ತ್ರ, ಗುರು ಎಂಬ ಮೂರನ್ನೂ ಒಂದೇ ಉಸಿರಿನಲ್ಲಿ ಸ್ಮರಿಸುವುದು ಶ್ರಾವಕರಾದ ನಮ್ಮೆಲ್ಲರ ನಿತ್ಯದ ವಾಡಿಕೆ. ಆದರೆ ಆಚರಣೆಯಲ್ಲಿ ಈ ಮೂರಕ್ಕೂ ಸಮಪಾಲು ಸಲ್ಲುತ್ತಿದೆಯೇ ಎಂದು ಕೇಳಿಕೊಂಡರೆ ಉತ್ತರ ಕೊಡಲು ತುಸು ಸಂಕೋಚವಾಗುತ್ತದೆ. ದೇವನಿಗಾಗಿ ಬಸದಿಗಳನ್ನು ಕಟ್ಟಿಸುತ್ತೇವೆ, ಶಿಖರವೇರಿಸುತ್ತೇವೆ, ಪಂಚಕಲ್ಯಾಣ ಪ್ರತಿಷ್ಠೆಯನ್ನು ವೈಭವದಿಂದ ನೆರವೇರಿಸುತ್ತೇವೆ. ಗುರುಗಳು ವಿಹಾರ ಮಾಡುತ್ತ ಊರಿಗೆ ಬಂದರೆ ಆಹಾರದಾನಕ್ಕಾಗಿ ಬಾಗಿಲಲ್ಲಿ ಕಲಶ ಹಿಡಿದು ನಿಲ್ಲುತ್ತೇವೆ. ಶಾಸ್ತ್ರವೊಂದು ಮಾತ್ರ ವಸ್ತ್ರದಲ್ಲಿ ಸುತ್ತಿಸಿಕೊಂಡು, ವರ್ಷಕ್ಕೊಮ್ಮೆ ಶ್ರುತಪಂಚಮಿಯಂದು ಅಷ್ಟವಿಧಾರ್ಚನೆ ಪಡೆದು, ಮತ್ತೆ ಪೆಟ್ಟಿಗೆಯ ಕತ್ತಲೆಗೆ ಮರಳುತ್ತದೆ.

ಇಂತಹ ಶಾಸ್ತ್ರದ ಕಟ್ಟನ್ನು ಬಿಚ್ಚಿ ಲೋಕದ ಬೆಳಕಿಗೆ ಹಿಡಿಯುವುದೇ ತಮ್ಮ ಪೂಜೆಯೆಂದು ಭಾವಿಸಿದ ಗೃಹಸ್ಥರು ಕಳೆದ ಶತಮಾನದ ಆದಿಭಾಗದಲ್ಲಿ ಕೆಲವರಿದ್ದರು. ಅವರಲ್ಲಿ ಅಗ್ರಗಣ್ಯರು ಇಂದೂರು ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದ ಶ್ರೀ ಜಗಮಂದರಲಾಲ ಜೈನಿಯವರು. ಇಂಗ್ಲಿಷ್ ಬಲ್ಲ ಓದುಗರು ಅವರನ್ನು ಜೆ. ಎಲ್. ಜೈನಿ ಎಂದೇ ಅರಿತಿದ್ದಾರೆ. ಅವರು ಉತ್ತರ ದೇಶದವರು, ಕನ್ನಡ ನುಡಿಯವರಲ್ಲ. ಆದರೂ ಕರ್ನಾಟಕದ ಜೈನರು ಅವರನ್ನು ಕೃತಜ್ಞತೆಯಿಂದ ನೆನೆಯಲು ಬಲವಾದ ಕಾರಣವಿದೆ. ಶ್ರವಣಬೆಳಗೊಳದ ಚಾಮುಂಡರಾಯನಿಗಾಗಿ ರಚಿತವಾದ ಮಹಾಗ್ರಂಥವೊಂದನ್ನು ಮೊದಲ ಬಾರಿಗೆ ಇಂಗ್ಲಿಷಿನಲ್ಲಿ ವಿವರಿಸಿ ಲೋಕದ ಮುಂದಿರಿಸಿದವರು ಅವರು.

ಜನನ, ವಿದ್ಯಾಭ್ಯಾಸ

ಶ್ರೀ ಜೈನಿಯವರು 1881ರಲ್ಲಿ, ಇಂದಿನ ಉತ್ತರ ಪ್ರದೇಶಕ್ಕೆ ಸೇರಿದ ಸೀಮೆಯ ದಿಗಂಬರ ಜೈನ ಮನೆತನವೊಂದರಲ್ಲಿ ಜನಿಸಿದರು. ಆ ಕಾಲದ ವಿದ್ಯಾವಂತ ಯುವಕರು ಜಾತಿ ಗೋತ್ರಗಳನ್ನು ಸೂಚಿಸುವ ಉಪನಾಮಗಳನ್ನು ಇಟ್ಟುಕೊಳ್ಳುತ್ತಿದ್ದಾಗ ಇವರು ಜೈನಿ ಎಂಬ ಧರ್ಮಸೂಚಕ ನಾಮದಿಂದಲೇ ಗುರುತಿಸಿಕೊಂಡರು. ನ್ಯಾಯಪೀಠದಲ್ಲಿಯೂ ಗ್ರಂಥಗಳ ಮುಖಪುಟದಲ್ಲಿಯೂ ಆ ಹೆಸರೇ ನಿಂತಿತು. ಎಂ. ಎ. ಪದವಿಯನ್ನು ಪಡೆದ ಬಳಿಕ ಅವರು ಇಂಗ್ಲೆಂಡಿಗೆ ತೆರಳಿ ನ್ಯಾಯಶಾಸ್ತ್ರವನ್ನು ಅಭ್ಯಸಿಸಿ ಬ್ಯಾರಿಸ್ಟರ್ ಆದರು. ರಾಯಲ್ ಏಷ್ಯಾಟಿಕ್ ಸೊಸೈಟಿಯ ಸದಸ್ಯತ್ವವೂ ಅವರಿಗೆ ಲಭಿಸಿತು.

ವಿದೇಶಕ್ಕೆ ಹೋಗುವ ಮೊದಲೇ ಸಮಾಜಸೇವೆಯ ಹಂಬಲ ಅವರಲ್ಲಿ ಮೊಳೆತಿತ್ತು. 1899ರಲ್ಲಿ ಉದಯಿಸಿ, ಮುಂದೆ ಭಾರತ ಜೈನ ಮಹಾಮಂಡಲವೆಂದು ಹೆಸರಾದ ಸಂಸ್ಥೆಯು ದಿಗಂಬರ, ಶ್ವೇತಾಂಬರ, ಸ್ಥಾನಕವಾಸಿಗಳೆಂಬ ಭೇದವನ್ನು ಬದಿಗಿಟ್ಟು ಜೈನರೆಲ್ಲರನ್ನೂ ಒಂದುಗೂಡಿಸಲು ಯತ್ನಿಸಿತು. ಅದರ ಬೆನ್ನಿಗೆ ನಿಂತ ಇಂಗ್ಲಿಷ್ ಜೈನ ಗೆಜೆಟ್ ಪತ್ರಿಕೆಯ ಸಂಪಾದಕತ್ವವನ್ನು ಆರಂಭದ ವರ್ಷಗಳಲ್ಲಿ ವಹಿಸಿಕೊಂಡವರಲ್ಲಿ ಜೈನಿಯವರು ಪ್ರಮುಖರು. ಮುಂದೆ ಅದೇ ಪತ್ರಿಕೆ ಮದರಾಸಿಗೆ ಬಂದು, ಶ್ರೀ ಸಿ. ಎಸ್. ಮಲ್ಲಿನಾಥರ ಕೈಯಲ್ಲಿ ದಕ್ಷಿಣದ ಜೈನರಿಗೂ ಪರಿಚಿತವಾಯಿತು.

ಲಂಡನ್ನಿನಲ್ಲಿ ಧರ್ಮಪರಿಚಯ

ಅವರು ಇಂಗ್ಲೆಂಡಿನಲ್ಲಿದ್ದಾಗ ಪಾಶ್ಚಾತ್ಯರಿಗೆ ನಮ್ಮ ಧರ್ಮದ ಬಗ್ಗೆ ಇದ್ದ ತಿಳಿವು ಎಷ್ಟರಮಟ್ಟಿನದೆಂಬುದನ್ನು ಇಲ್ಲಿ ನೆನೆಯಬೇಕು. ಜರ್ಮನಿಯ ಹರ್ಮನ್ ಯಾಕೋಬಿಯವರು 1879ರಲ್ಲಿ ಕಲ್ಪಸೂತ್ರವನ್ನು ಸಂಪಾದಿಸಿ, ಜೈನಧರ್ಮವು ಬೌದ್ಧಧರ್ಮದ ಕವಲಲ್ಲ, ಅದರಿಂದ ಸ್ವತಂತ್ರವಾದ ಪ್ರಾಚೀನ ಧರ್ಮವೆಂಬುದನ್ನು ಸಾಧಿಸಿ ತೋರಿಸಿದ್ದರು. 1884 ಮತ್ತು 1895ರಲ್ಲಿ ಅವರು ಇಂಗ್ಲಿಷಿಗೆ ತಂದ ಜೈನ ಸೂತ್ರಗಳ ಎರಡು ಸಂಪುಟಗಳೂ ಪ್ರಕಟವಾಗಿದ್ದವು. ಇವೆಲ್ಲವೂ ಶ್ವೇತಾಂಬರ ಆಗಮಗಳು. ಕುಂದಕುಂದರು, ಗುಣಭದ್ರರು, ನೇಮಿಚಂದ್ರರು ಮೊದಲಾದ ದಿಗಂಬರ ಆಚಾರ್ಯರ ಕೃತಿಗಳು ಇಂಗ್ಲಿಷ್ ಓದುಗರ ಕೈಗೆ ದೊರೆತಿರಲಿಲ್ಲ. ಬಿ. ಎಲ್. ರೈಸ್ ಅವರು 1889ರಲ್ಲಿ ಪ್ರಕಟಿಸಿದ ಶ್ರವಣಬೆಳಗೊಳದ ಶಾಸನ ಸಂಪುಟದಿಂದ ಆ ಆಚಾರ್ಯರ ಕೀರ್ತಿ ತಿಳಿದಿತ್ತಾದರೂ ಅವರು ಬರೆದದ್ದೇನೆಂಬುದು ತಿಳಿದಿರಲಿಲ್ಲ.

ಈ ಕೊರತೆಯನ್ನು ಕಂಡ ಜೈನಿಯವರು ಲಂಡನ್ನಿನಲ್ಲಿ ಜೈನ ಸಾಹಿತ್ಯ ಸಂಘವೊಂದು ರೂಪುಗೊಳ್ಳಲು ಕಾರಣರಾದವರಲ್ಲಿ ಒಬ್ಬರಾದರು. ಸಂಸ್ಕೃತ ವಿದ್ವಾಂಸ ಎಫ್. ಡಬ್ಲ್ಯು. ಥಾಮಸ್ ಅವರೂ, ವೀರಚಂದ ಗಾಂಧಿಯವರಿಂದ ಜೈನಧರ್ಮವನ್ನು ಕಲಿತು ಅದನ್ನು ಜೀವನದಲ್ಲಿ ಅಳವಡಿಸಿಕೊಂಡಿದ್ದ ಹರ್ಬರ್ಟ್ ವಾರೆನ್ ಅವರೂ ಈ ಕಾರ್ಯದಲ್ಲಿ ಜೊತೆಗಿದ್ದರು. ಜೈನಿಯವರು ಇಂಗ್ಲಿಷಿನಲ್ಲಿ ರಚಿಸಿದ ಜೈನಧರ್ಮದ ರೂಪರೇಖೆ ಎಂಬ ಗ್ರಂಥವನ್ನು ಥಾಮಸ್ ಅವರು ಸಂಪಾದಿಸಿದರು. 1916ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಮುದ್ರಣಾಲಯ ಅದನ್ನು ಹೊರತಂದಿತು. ದೇವತತ್ತ್ವ, ದ್ರವ್ಯವಿಚಾರ, ನೀತಿ, ಆಚರಣೆ ಎಂಬ ಕ್ರಮದಲ್ಲಿ ವಿಷಯವನ್ನು ವಿಭಾಗಿಸಿ, ಕೊನೆಗೆ ಮೂಲ ಗ್ರಂಥಗಳಿಂದ ಆಯ್ದ ಭಾಗಗಳನ್ನು ಅನುವಾದಸಹಿತ ಜೋಡಿಸಿದ ಆ ಚಿಕ್ಕ ಪುಸ್ತಕವು ಬಹುಕಾಲ ಜೈನಧರ್ಮದ ಪ್ರವೇಶದ್ವಾರವಾಗಿ ನಿಂತಿತು. ಮಾತು ಮೊದಲು, ಆಧಾರ ಅದರ ಹಿಂದೆಯೇ ಎಂಬ ಈ ವ್ಯವಸ್ಥೆಯಲ್ಲಿ ನ್ಯಾಯವಾದಿಯ ಶಿಸ್ತನ್ನು ಗುರುತಿಸಬಹುದು.

ಇಂದೂರಿನ ನ್ಯಾಯಪೀಠ

ಸ್ವದೇಶಕ್ಕೆ ಮರಳಿದ ಬಳಿಕ ಜೈನಿಯವರು ಹೋಳ್ಕರ್ ಮಹಾರಾಜರ ಸಂಸ್ಥಾನವಾದ ಇಂದೂರಿನ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿ, ಅನಂತರ ಮುಖ್ಯ ನ್ಯಾಯಾಧೀಶರಾಗಿ ಸೇವೆ ಸಲ್ಲಿಸಿದರು. ಆ ಸಂಸ್ಥಾನದ ಶಾಸನಸಭೆಯ ಅಧ್ಯಕ್ಷ ಪದವಿಯೂ ಅವರದಾಯಿತು. ಸರಕಾರದಿಂದ ರಾಯ್ ಬಹಾದ್ದೂರ್ ಬಿರುದು ಬಂದಿತು. ಸರ್ ಸೇಠ್ ಹುಕುಂಚಂದರಂತಹ ಜೈನ ಶ್ರೀಮಂತರ ಔದಾರ್ಯದಿಂದ ಮಂದಿರ, ಪಾಠಶಾಲೆಗಳು ಬೆಳೆಯುತ್ತಿದ್ದ ನಗರವದು. ಅಧಿಕಾರ, ಮನ್ನಣೆ, ಅನುಕೂಲ ಯಾವುದಕ್ಕೂ ಕೊರತೆಯಿರಲಿಲ್ಲ. ಅಷ್ಟರಲ್ಲಿಯೇ ತೃಪ್ತರಾಗಿ ಕುಳಿತಿದ್ದರೂ ಅವರನ್ನು ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ನ್ಯಾಯಪೀಠದ ಅನುಭವವೇ ಅವರನ್ನು ಮತ್ತಷ್ಟು ಗಾಢವಾಗಿ ಗ್ರಂಥಗಳ ಕಡೆಗೆ ಎಳೆಯಿತೆಂದು ತೋರುತ್ತದೆ. ಅದನ್ನು ಅರಿಯಲು ಅಂದಿನ ಜೈನರ ಕಾನೂನು ಸ್ಥಿತಿಯನ್ನು ಸ್ವಲ್ಪ ವಿವರಿಸಬೇಕು.

ಬ್ರಿಟಿಷರ ಆಳ್ವಿಕೆಯಲ್ಲಿ ವಿವಾಹ, ದತ್ತಕ, ದಾಯಭಾಗಗಳ ವ್ಯಾಜ್ಯಗಳನ್ನು ಆಯಾ ಮತದವರ ಧರ್ಮಶಾಸ್ತ್ರದ ಪ್ರಕಾರ ತೀರ್ಮಾನಿಸುವ ಪದ್ಧತಿಯಿತ್ತು. ಹಿಂದುಗಳಿಗೆ ಮಿತಾಕ್ಷರಾದಿ ಗ್ರಂಥಗಳಿದ್ದವು, ಮುಸಲ್ಮಾನರಿಗೆ ಅವರ ಶಾಸ್ತ್ರಗಳಿದ್ದವು. ಜೈನರ ವಿಷಯ ಬಂದಾಗ ನ್ಯಾಯಾಲಯದ ಮುಂದೆ ಯಾವ ಗ್ರಂಥವೂ ಇರುತ್ತಿರಲಿಲ್ಲ. 1873ರಲ್ಲಿ ಮುಂಬಯಿ ಹೈಕೋರ್ಟು, ವಿಶೇಷ ರೂಢಿಯನ್ನು ಸಾಕ್ಷ್ಯದಿಂದ ಸಿದ್ಧಪಡಿಸದ ಹೊರತು ಜೈನರಿಗೂ ಹಿಂದೂ ಧರ್ಮಶಾಸ್ತ್ರವೇ ಅನ್ವಯಿಸುತ್ತದೆಂದು ತೀರ್ಮಾನಿಸಿತು. 1878ರಲ್ಲಿ ಲಂಡನ್ನಿನ ಪ್ರೀವಿ ಕೌನ್ಸಿಲು, ಪುತ್ರರಿಲ್ಲದ ಜೈನ ವಿಧವೆಯು ಪತಿಯ ಅಪ್ಪಣೆಯಿಲ್ಲದೆಯೂ ದತ್ತು ಪಡೆಯಬಹುದೆಂಬ ರೂಢಿಯನ್ನು ಉತ್ತರದ ಅಗರವಾಲ ಜೈನರ ಪ್ರಕರಣವೊಂದರಲ್ಲಿ ಒಪ್ಪಿತು. ಪತಿಯ ಸ್ವಯಾರ್ಜಿತ ಆಸ್ತಿಯಲ್ಲಿ ಆಕೆಗೆ ಪೂರ್ಣ ಹಕ್ಕಿದೆಯೆಂಬುದನ್ನೂ ಅಂಗೀಕರಿಸಿತು. ಇದು ಸಂತೋಷದ ತೀರ್ಪೇ ಸರಿ. ಆದರೆ ಆ ಹಕ್ಕು ದೊರೆತದ್ದು ರೂಢಿ ಸಿದ್ಧವಾಯಿತೆಂಬ ಕಾರಣದಿಂದ, ಶಾಸ್ತ್ರವಿದೆಯೆಂಬ ಕಾರಣದಿಂದಲ್ಲ. ಆದ್ದರಿಂದ ಮತ್ತೊಂದು ಊರಿನ ಮತ್ತೊಬ್ಬ ವಿಧವೆ ತನ್ನ ಹಕ್ಕಿಗಾಗಿ ಕಟ್ಟೆ ಹತ್ತಬೇಕಾದಾಗ, ವಿಶೇಷ ರೂಢಿಯನ್ನು ತೋರಿಸಿಕೊಡುವ ಹೊಣೆ ಜೈನ ಕಕ್ಷಿಯ ಮೇಲೆಯೇ ಬೀಳುತ್ತಿತ್ತು.

ರೂಢಿಯೂ ಎಲ್ಲೆಡೆ ಒಂದೇ ಬಗೆಯದಾಗಿರಲಿಲ್ಲ. ನಮ್ಮ ತುಳುನಾಡಿನ ಜೈನರಲ್ಲಿ ಅಳಿಯಸಂತಾನ ಪದ್ಧತಿ ಬೇರೂರಿತ್ತು. ಉತ್ತರದ ಜೈನರಿಗೆ ಅದರ ಹೆಸರೂ ತಿಳಿಯದು. ಒಂದೇ ಜಿನನ ಆರಾಧಕರು, ಆದರೆ ಆಸ್ತಿಪಾಸ್ತಿಯ ವಿಷಯದಲ್ಲಿ ದೇಶಕ್ಕೊಂದು ಕಟ್ಟಳೆ. ಈ ವೈವಿಧ್ಯದ ನಡುವೆ ಜೈನರಿಗೆ ತಮ್ಮದೇ ಆದ ಶಾಸ್ತ್ರವಿದೆಯೇ ಎಂದು ನ್ಯಾಯಾಧೀಶರು ಕೇಳಿದರೆ ಅಚ್ಚಾದ ಪುಸ್ತಕವನ್ನು ತೋರಿಸಬಲ್ಲವರು ವಿರಳ. ಶಾಸ್ತ್ರಗಳನ್ನು ಅಚ್ಚು ಹಾಕಿಸಿದರೆ ಅವಿನಯವಾಗುತ್ತದೆ, ಅಪಾತ್ರರ ಕೈಗೆ ಬೀಳುತ್ತದೆ ಎಂಬ ಶಂಕೆ ಆಗ ಬಲವಾಗಿತ್ತು. ಅದು ಭಕ್ತಿಯಿಂದ ಹುಟ್ಟಿದ ಶಂಕೆಯೇ ಆದರೂ ಅದರ ಬೆಲೆಯನ್ನು ತೆತ್ತವರಲ್ಲಿ ಕಟ್ಟೆಯ ಮುಂದೆ ನಿಂತ ವಿಧವೆಯರೂ ಇದ್ದರು.

ಮುಂದಿರಿಸದ ಸಾಕ್ಷ್ಯವು ನ್ಯಾಯಾಲಯದ ಪಾಲಿಗೆ ಇಲ್ಲದ ಸಾಕ್ಷ್ಯವೇ. ದಿನವೂ ಪೀಠದಲ್ಲಿ ಕುಳಿತು ತೀರ್ಪು ಕೊಡುವವರಿಗೆ ಈ ಮಾತನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. 1916ರಲ್ಲಿ ಜೈನಿಯವರು ಭದ್ರಬಾಹು ಸಂಹಿತೆಯೆಂಬ ಗ್ರಂಥದ ದಾಯಭಾಗ ಸಂಬಂಧವಾದ ಮೂಲವನ್ನು ಇಂಗ್ಲಿಷ್ ಅನುವಾದದೊಡನೆ ಜೈನ ಕಾನೂನು ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಜೈನ ಕಾನೂನನ್ನು ಕುರಿತು ಇಂದೂರು ಹೈಕೋರ್ಟು ಕೊಟ್ಟ ತೀರ್ಪನ್ನೂ ಅದಕ್ಕೆ ಅನುಬಂಧವಾಗಿ ಸೇರಿಸಿದರು. ಮೂಲ, ಅನುವಾದ, ತೀರ್ಪು ಮೂರೂ ಒಂದೇ ಹೊತ್ತಗೆಯಲ್ಲಿ ವಕೀಲರ ಮೇಜಿಗೆ ಬಂದವು.

ಈ ಪ್ರಕರಣದ ಇನ್ನೊಂದು ಮುಖವನ್ನೂ ಮರೆಮಾಡಬಾರದು. ಆ ಸಂಹಿತೆಯು ಚಂದ್ರಗಿರಿಯ ಗುಹೆಯೊಡನೆ ನಾವು ನೆನೆಯುವ ಶ್ರುತಕೇವಲಿ ಭದ್ರಬಾಹುಗಳ ರಚನೆಯಲ್ಲ, ಬಹಳ ಈಚಿನ ಸಂಕಲನವೆಂದು ಪಂಡಿತ ಜುಗಲ್ ಕಿಶೋರ್ ಮುಖ್ತಾರರು ತಮ್ಮ ಗ್ರಂಥಪರೀಕ್ಷೆಯಲ್ಲಿ ತೋರಿಸಿದರು. ಮುಖ್ತಾರರೂ ಜೈನರೇ, ಶ್ರುತಭಕ್ತರೇ. ಇದರಿಂದ ಜೈನಿಯವರ ಶ್ರಮ ವ್ಯರ್ಥವಾಯಿತೆಂದು ತಿಳಿಯುವುದು ತಪ್ಪು. ಒಬ್ಬರು ದಾಖಲೆಯನ್ನು ಮುಂದಿರಿಸಿದರು, ಇನ್ನೊಬ್ಬರು ಅದನ್ನು ಪಾಟೀಸವಾಲಿಗೆ ಒಳಪಡಿಸಿದರು. ಪೆಟ್ಟಿಗೆಯಲ್ಲಿಯೇ ಉಳಿದಿದ್ದರೆ ಅದರ ಕಾಲವನ್ನಾಗಲಿ ಪ್ರಾಮಾಣ್ಯವನ್ನಾಗಲಿ ಪರೀಕ್ಷಿಸುವ ಅವಕಾಶವೇ ಒದಗುತ್ತಿರಲಿಲ್ಲ. ಸತ್ಯಕ್ಕೆ ಪರೀಕ್ಷೆಯ ಭಯವಿಲ್ಲವೆಂಬುದು ಅನೇಕಾಂತವನ್ನು ನಂಬಿದ ನಮಗೆ ಒಪ್ಪಿತವಾಗಲೇಬೇಕು.

ಈ ಚರ್ಚೆ ಅಲ್ಲಿಗೆ ನಿಲ್ಲಲಿಲ್ಲ. ಬ್ಯಾರಿಸ್ಟರ್ ಚಂಪತ್‌ರಾಯ್ ಜೈನರು 1926ರಲ್ಲಿ ಜೈನ ಕಾನೂನನ್ನು ಕುರಿತು ವಿಸ್ತಾರವಾದ ಗ್ರಂಥವನ್ನು ಪ್ರಕಟಿಸಿದರು. 1927ರಲ್ಲಿ ಮದರಾಸು ಹೈಕೋರ್ಟಿನ ನ್ಯಾಯಮೂರ್ತಿ ಕುಮಾರಸ್ವಾಮಿ ಶಾಸ್ತ್ರಿಗಳು ಗಟೆಪ್ಪ ಮತ್ತು ಎರಮ್ಮ ಎಂಬವರ ವ್ಯಾಜ್ಯದಲ್ಲಿ, ಪೂರ್ವದ ತೀರ್ಪುಗಳ ಕಟ್ಟು ಇಲ್ಲದಿದ್ದರೆ ಜೈನರನ್ನು ಹಿಂದೂ ಮತದಿಂದ ಸಿಡಿದವರೆಂದು ತಾವು ಎಣಿಸುತ್ತಿರಲಿಲ್ಲವೆಂಬ ಅಭಿಪ್ರಾಯವನ್ನು ದಾಖಲಿಸಿದರು. ಸ್ವಾತಂತ್ರ್ಯಾನಂತರ 1955ರ ವಿವಾಹ ಕಾಯಿದೆ, 1956ರ ಉತ್ತರಾಧಿಕಾರ ಮತ್ತು ದತ್ತಕ ಕಾಯಿದೆಗಳು ಹಿಂದುಗಳೊಡನೆ ಜೈನರಿಗೂ ಅನ್ವಯಿಸಿದುದರಿಂದ ಹಳೆಯ ತೊಡಕುಗಳು ಬಹುಮಟ್ಟಿಗೆ ಹಿಂದೆ ಸರಿದವು. 2014ರಲ್ಲಿ ಕೇಂದ್ರ ಸರಕಾರವು ಜೈನರನ್ನು ಅಲ್ಪಸಂಖ್ಯಾತ ಸಮುದಾಯವೆಂದು ಮಾನ್ಯಮಾಡಿತು.

ಪವಿತ್ರ ಗ್ರಂಥಮಾಲೆ

ಬಿಹಾರದ ಆರಾ ನಗರವು ಆಗ ಜೈನ ವಿದ್ಯೆಯ ಒಂದು ಕೇಂದ್ರವಾಗಿತ್ತು. ಅಲ್ಲಿಯ ಜೈನ ಸಿದ್ಧಾಂತ ಭವನದಲ್ಲಿ ಕನ್ನಡ ಲಿಪಿಯ ತಾಳೆಯೋಲೆಗಳೂ ಸಂಗ್ರಹವಾಗಿದ್ದವು. ಮುಂದೆ ನಮ್ಮ ನಾಡಿನ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಹಲವು ವರ್ಷ ಆ ಭಂಡಾರವನ್ನು ನೋಡಿಕೊಂಡರು. ಅದೇ ಆರಾದಲ್ಲಿ ಕುಮಾರ ದೇವೇಂದ್ರ ಪ್ರಸಾದರು ಗ್ರಂಥಪ್ರಕಾಶನ ಸಂಸ್ಥೆಯೊಂದನ್ನು ನಡೆಸಿ, ಜೈನರ ಪವಿತ್ರ ಗ್ರಂಥಗಳೆಂಬ ಇಂಗ್ಲಿಷ್ ಮಾಲೆಯನ್ನು ಆರಂಭಿಸಿದರು. ಅದರ ಮೊದಲ ಸಂಪುಟವಾಗಿ 1917ರಲ್ಲಿ ಶರಚ್ಚಂದ್ರ ಘೋಷಾಲರು ಸಂಪಾದಿಸಿದ ದ್ರವ್ಯಸಂಗ್ರಹ ಬಂದಿತು. ಎರಡನೆಯದಾಗಿ 1920ರಲ್ಲಿ ಜೈನಿಯವರು ಅನುವಾದಿಸಿ ವ್ಯಾಖ್ಯಾನಿಸಿದ ತತ್ತ್ವಾರ್ಥಾಧಿಗಮ ಸೂತ್ರ ಬಂದಿತು. ಅದೇ ವರ್ಷ ಪ್ರೊಫೆಸರ್ ಎ. ಚಕ್ರವರ್ತಿ ನಯನಾರರ ಪಂಚಾಸ್ತಿಕಾಯ ಮೂರನೆಯದಾಗಿ ಪ್ರಕಟವಾಯಿತು.

ದಶಲಕ್ಷಣ ಪರ್ವದಲ್ಲಿ ನಾವು ದಿನಕ್ಕೊಂದು ಅಧ್ಯಾಯದಂತೆ ಪಾರಾಯಣ ಮಾಡುವ ಹತ್ತು ಅಧ್ಯಾಯಗಳ ಈ ಸೂತ್ರಗ್ರಂಥವನ್ನು ಪರಭಾಷೆಗೆ ತರುವುದು ಸುಲಭವಲ್ಲ. ಧರ್ಮ, ಅಧರ್ಮ ಎಂಬ ಪದಗಳು ಲೋಕದಲ್ಲಿ ಪುಣ್ಯಪಾಪಗಳನ್ನು ಸೂಚಿಸಿದರೆ ನಮ್ಮಲ್ಲಿ ಗತಿಗೂ ಸ್ಥಿತಿಗೂ ಸಹಾಯಕವಾದ ದ್ರವ್ಯಗಳನ್ನು ಸೂಚಿಸುತ್ತವೆ. ಯೋಗವೆಂದರೆ ಇತರರಿಗೆ ಸಮಾಧಿ, ನಮಗೆ ಮನವಚನಕಾಯಗಳ ಸ್ಪಂದನ. ಇಂತಹ ಪಾರಿಭಾಷಿಕ ಪದಗಳಿಗೆ ಒಮ್ಮೆ ಒಂದು, ಮತ್ತೊಮ್ಮೆ ಇನ್ನೊಂದು ಇಂಗ್ಲಿಷ್ ಪದವನ್ನು ಬಳಸಿದರೆ ಓದುಗನು ದಾರಿ ತಪ್ಪುತ್ತಾನೆ. ಇದನ್ನರಿತೇ ಜೈನಿಯವರು 1918ರಲ್ಲಿ ಜೈನ ಪರಿಭಾಷೆಯ ಕೋಶವೊಂದನ್ನು ಹೊರತಂದರು. ಪಂಡಿತ ಗೋಪಾಲದಾಸ ಬರೈಯಾ ಅವರ ಜೈನ ಸಿದ್ಧಾಂತ ಪ್ರವೇಶಿಕೆ ಅದಕ್ಕೆ ಆಧಾರ. ಅನುವಾದಕ್ಕೆ ಮುನ್ನ ಅಳತೆಗೋಲನ್ನು ಸಿದ್ಧಪಡಿಸಿಕೊಂಡ ಕ್ರಮವಿದು.

ಗೊಮ್ಮಟಸಾರದ ಯಾತ್ರೆ

ಈಗ ಕನ್ನಡಿಗರಿಗೆ ಅತ್ಯಂತ ಸಮೀಪದ ವಿಷಯಕ್ಕೆ ಬರೋಣ. ಗಂಗರ ರಾಚಮಲ್ಲನ ಮಂತ್ರಿಯೂ ಸೇನಾನಿಯೂ ಆಗಿದ್ದ ಚಾಮುಂಡರಾಯನು ವಿಂಧ್ಯಗಿರಿಯ ಮೇಲೆ 58 ಅಡಿಯ ಬಾಹುಬಲಿಯನ್ನು ನಿಲ್ಲಿಸಿದುದು ಲೋಕವಿಖ್ಯಾತ. ಅದೇ ಚಾಮುಂಡರಾಯನಿಗಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಷಟ್‌ಖಂಡಾಗಮದ ಸಾರವನ್ನು ಪ್ರಾಕೃತ ಗಾಥೆಗಳಲ್ಲಿ ಸಂಗ್ರಹಿಸಿಕೊಟ್ಟರು. ಗೊಮ್ಮಟನೆಂಬುದು ಚಾಮುಂಡರಾಯನ ಮನೆಯ ಹೆಸರಾದುದರಿಂದ ಗ್ರಂಥವು ಗೊಮ್ಮಟಸಾರವೆನಿಸಿತು. ಜೀವಕಾಂಡದಲ್ಲಿ ಗುಣಸ್ಥಾನ, ಜೀವಸಮಾಸ, ಮಾರ್ಗಣೆ ಮೊದಲಾದ 20 ಪ್ರರೂಪಣೆಗಳ ಮೂಲಕ ಜೀವದ ಸ್ವರೂಪವನ್ನೂ, ಕರ್ಮಕಾಂಡದಲ್ಲಿ ಎಂಟು ಕರ್ಮಗಳ 148 ಪ್ರಕೃತಿಗಳ ಬಂಧ, ಉದಯ, ಸತ್ತೆಗಳನ್ನೂ ಲೆಕ್ಕಾಚಾರದ ನಿಖರತೆಯಿಂದ ನಿರೂಪಿಸಲಾಗಿದೆ. ಹೀಗೆ ಒಬ್ಬನೇ ಮಹಾನುಭಾವನ ನಿಮಿತ್ತದಿಂದ ಕಲ್ಲಿನಲ್ಲೊಂದು, ಅಕ್ಷರದಲ್ಲೊಂದು ಎಂದು ಎರಡು ಪ್ರತಿಷ್ಠೆಗಳು ನಡೆದವು.

ಕಲ್ಲಿನ ಗೊಮ್ಮಟನು ನಿಂತಲ್ಲಿಯೇ ನಿಂತು ಲೋಕವನ್ನು ತನ್ನೆಡೆಗೆ ಕರೆದನು. ಅಕ್ಷರದ ಗೊಮ್ಮಟನಾದರೋ ತಾನೇ ದೇಶಸಂಚಾರಕ್ಕೆ ಹೊರಟನು. 1359ರಲ್ಲಿ ಕೇಶವವರ್ಣಿಗಳು ಅದಕ್ಕೆ ಕನ್ನಡದಲ್ಲಿ ಜೀವತತ್ತ್ವಪ್ರದೀಪಿಕೆಯೆಂಬ ವಿಸ್ತಾರವಾದ ವೃತ್ತಿಯನ್ನು ಬರೆದರು. ಆ ಕನ್ನಡ ವೃತ್ತಿಯನ್ನು ಅನುಸರಿಸಿ ನೇಮಿಚಂದ್ರರೆಂಬ ಬೇರೊಬ್ಬರು ಸಂಸ್ಕೃತ ಟೀಕೆಯನ್ನು ರಚಿಸಿದರು. ಆ ಸಂಸ್ಕೃತ ಟೀಕೆಯನ್ನು ಆಧರಿಸಿ ಹದಿನೆಂಟನೆಯ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲರು ತಮ್ಮ ಸೀಮೆಯ ಢೂಂಢಾರೀ ನುಡಿಯಲ್ಲಿ ಸಮ್ಯಗ್ಜ್ಞಾನಚಂದ್ರಿಕೆಯನ್ನು ಬರೆದರು. ಉತ್ತರ ಭಾರತದ ಸ್ವಾಧ್ಯಾಯಪ್ರಿಯರು ಗೊಮ್ಮಟಸಾರವನ್ನು ಓದಿದ್ದು ಹೆಚ್ಚಾಗಿ ಈ ಚಂದ್ರಿಕೆಯ ಬೆಳಕಿನಲ್ಲಿಯೇ. ಅಂದರೆ ಅವರಿಗೆ ಅರಿವಿದ್ದೋ ಇಲ್ಲದೆಯೋ ಕನ್ನಡದ ಕೇಶವವರ್ಣಿಗಳೇ ಅವರಿಗೆ ಪಾಠ ಹೇಳುತ್ತಿದ್ದರು.

ಈ ಪರಂಪರೆಯ ಮುಂದಿನ ಕೊಂಡಿ ಜೈನಿಯವರು. ಬ್ರಹ್ಮಚಾರಿ ಶೀತಲ ಪ್ರಸಾದರ ನೆರವಿನೊಡನೆ ಅವರು ಗೊಮ್ಮಟಸಾರದ ಜೀವಕಾಂಡವನ್ನು ಇಂಗ್ಲಿಷಿಗೆ ಅನುವಾದಿಸಿ ವ್ಯಾಖ್ಯಾನವನ್ನು ಬರೆದರು. 1920ರ ಬಳಿಕ ಏಳು ವರ್ಷ ನಿಂತುಹೋಗಿದ್ದ ಗ್ರಂಥಮಾಲೆ 1927ರಲ್ಲಿ ಲಖನೌದಿಂದ ಶ್ರೀ ಅಜಿತ ಪ್ರಸಾದರ ಆಸಕ್ತಿಯಿಂದ ಪುನರಾರಂಭವಾಗಿ, ಜೀವಕಾಂಡವು ಐದನೆಯ ಸಂಪುಟವಾಗಿಯೂ ಕರ್ಮಕಾಂಡದ ಮೊದಲ ಭಾಗವು ಆರನೆಯದಾಗಿಯೂ ಹೊರಬಂದವು. ಅವರ ಮುಂದೆ ಆಗ ಇದ್ದ ಸಾಧನಗಳು ಎಷ್ಟು ಅಲ್ಪವೆಂಬುದನ್ನು ಗಮನಿಸಬೇಕು. ಗೊಮ್ಮಟಸಾರದ ಮೂಲಾಧಾರವಾದ ಧವಲಾದಿ ಸಿದ್ಧಾಂತ ಗ್ರಂಥಗಳು ಮೂಡುಬಿದಿರೆಯ ಸಿದ್ಧಾಂತ ಬಸದಿಯ ತಾಳೆಯೋಲೆಗಳಲ್ಲಿದ್ದವು. ಅವು ಅಚ್ಚಾಗಿರಲಿಲ್ಲ. ಧವಲೆಯ ಮೊದಲ ಸಂಪುಟ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಬೆಳಕು ಕಂಡದ್ದು 1939ರಲ್ಲಿ. 16 ಸಂಪುಟಗಳು ಮುಗಿದದ್ದು 1958ರಲ್ಲಿ. ಅಚ್ಚಾದ ಮೂಲಾಕರಗಳಿಲ್ಲದ ಕಾಲದಲ್ಲಿ, ಟೀಕೆಗಳನ್ನೇ ನಂಬಿ, ಅಂತಹ ಗಹನ ಗ್ರಂಥಕ್ಕೆ ಕೈಹಾಕಿದ ಅವರ ಸಾಹಸ ಸಾಮಾನ್ಯವಲ್ಲ.

ಅಕಾಲ ಮರಣ

ಗೊಮ್ಮಟಸಾರವು ಅಚ್ಚಾಗಿ ಬಂದ 1927ರಲ್ಲಿಯೇ ಜೈನಿಯವರು ದಿವಂಗತರಾದರು. ವಯಸ್ಸು ಐವತ್ತನ್ನೂ ಮುಟ್ಟಿರಲಿಲ್ಲ. ಮುಗಿಸಬೇಕಾದ ಕೆಲಸ ಇನ್ನೂ ಬಹಳವಿತ್ತು. ಆದರೆ ಅವರು ಸಿದ್ಧಪಡಿಸಿದ್ದ ಹಸ್ತಪ್ರತಿಗಳು ಅವರೊಡನೆ ಮರೆಯಾಗಲಿಲ್ಲ. ಗುಣಭದ್ರಾಚಾರ್ಯರ ಆತ್ಮಾನುಶಾಸನದ ಅನುವಾದ 1928ರಲ್ಲಿಯೂ, ಕುಂದಕುಂದಾಚಾರ್ಯರ ಸಮಯಸಾರದ ಅನುವಾದ 1930ರಲ್ಲಿಯೂ ಅದೇ ಮಾಲೆಯಲ್ಲಿ ಪ್ರಕಟವಾದವು. ಅವರ ಹೆಸರಿನ ಸ್ಮಾರಕ ಗ್ರಂಥಾವಳಿಯೂ ಆ ಮಾಲೆಯೊಡನೆ ಸೇರಿಕೊಂಡಿತು. ಕರ್ಮಕಾಂಡದ ಉಳಿದ ಭಾಗವನ್ನು ಶೀತಲ ಪ್ರಸಾದರು ಅಜಿತ ಪ್ರಸಾದರ ಸಹಾಯದಿಂದ ಪೂರೈಸಿದರು. ಅದು ಪ್ರಕಟವಾದದ್ದು 1937ರಲ್ಲಿ, ಮಿತ್ರನು ಅಗಲಿ ಹತ್ತು ವರ್ಷಗಳಾದ ಮೇಲೆ. ಹಿಡಿದ ಕೆಲಸವನ್ನು ಮತ್ತೊಬ್ಬರ ಕೈಗೆ ಒಪ್ಪಿಸುವಂತಹ ಬಳಗವನ್ನು ಸಂಪಾದಿಸಿಕೊಂಡಿದ್ದುದು ಅವರ ಪುಣ್ಯ, ನಮ್ಮೆಲ್ಲರ ಭಾಗ್ಯ.

ಅವರು ಆರಿಸಿಕೊಂಡ ಗ್ರಂಥಗಳನ್ನು ಗಮನಿಸಿದರೆ ಕನ್ನಡಿಗರ ಮನಸ್ಸು ತುಂಬುತ್ತದೆ. ಗೊಮ್ಮಟಸಾರವು ಬೆಳಗೊಳದ ಸನ್ನಿಧಿಗೆ ಸೇರಿದ್ದು. ಗುಣಭದ್ರರು ರಾಷ್ಟ್ರಕೂಟರ ಕಾಲದವರು. ಅವರ ಉತ್ತರಪುರಾಣದ ಪೂಜೆ ನಡೆದದ್ದು ನಮ್ಮ ಬಂಕಾಪುರದಲ್ಲಿ. ಕುಂದಕುಂದರ ನೆನಪನ್ನು ಮಲೆನಾಡಿನ ಕುಂದಾದ್ರಿ ಇಂದಿಗೂ ಹೊತ್ತು ನಿಂತಿದೆ. ದಕ್ಷಿಣಾಪಥದ ಆಚಾರ್ಯರ ಈ ನುಡಿಗಳನ್ನು ಇಂದೂರಿನಲ್ಲಿ ನ್ಯಾಯದಾನ ಮಾಡುತ್ತಿದ್ದ ಶ್ರಾವಕರೊಬ್ಬರು ತಮ್ಮ ಕಛೇರಿಯ ಹೊರೆಯ ನಡುವೆ ಲೋಕಕ್ಕೆ ಮುಟ್ಟಿಸಿದರು.

ವ್ಯವಹಾರ ಎಂಬ ಪದಕ್ಕೆ ಧರ್ಮಶಾಸ್ತ್ರದಲ್ಲಿ ವ್ಯಾಜ್ಯವೆಂದು ಅರ್ಥ. ಸಮಯಸಾರದಲ್ಲಿ ಅದು ನಿಶ್ಚಯನಯಕ್ಕೆ ಎದುರಾದ, ಲೋಕದೃಷ್ಟಿಯನ್ನು ಸೂಚಿಸುವ ನಯ. ಆ ಎರಡು ಅರ್ಥಗಳಲ್ಲಿಯೂ ವ್ಯವಹಾರವನ್ನು ಬಲ್ಲವರಾಗಿದ್ದ ಜೈನಿಯವರು ತಮ್ಮ ಕೊನೆಯ ಶ್ರಮಗಳಲ್ಲೊಂದನ್ನು ಶುದ್ಧಾತ್ಮನನ್ನು ಹೇಳುವ ಆ ನಿಶ್ಚಯಗ್ರಂಥಕ್ಕೆ ಮೀಸಲಿಟ್ಟಿದ್ದು ಉಚಿತವಾಗಿಯೇ ತೋರುತ್ತದೆ.

ನಮ್ಮ ಪಾಲಿನ ಕರ್ತವ್ಯ

ಜೈನಿಯವರ ಬಳಿಕ ಈ ವಿದ್ಯಾಯಾತ್ರೆ ಮತ್ತೆ ಕನ್ನಡಕ್ಕೆ ತಿರುಗಿತು. ಸಂಸ್ಕೃತ ಟೀಕೆಯ ಹಿಂದೆ ಕೇಶವವರ್ಣಿಗಳ ಕನ್ನಡ ವೃತ್ತಿಯಿದೆಯೆಂಬುದನ್ನು ಸ್ಪಷ್ಟಪಡಿಸಿದವರು ಬೆಳಗಾವಿ ಜಿಲ್ಲೆಯ ಸದಲಗಾ ಗ್ರಾಮದಲ್ಲಿ ಜನಿಸಿದ ಡಾ. ಆ. ನೇ. ಉಪಾಧ್ಯೆಯವರು. 1978ರಿಂದ 1981ರ ಅವಧಿಯಲ್ಲಿ ಭಾರತೀಯ ಜ್ಞಾನಪೀಠವು ಆ ಕರ್ನಾಟಕ ವೃತ್ತಿಯೊಡನೆ ಗೊಮ್ಮಟಸಾರವನ್ನು ಪ್ರಕಟಿಸಿತು. 1981ರಲ್ಲಿಯೇ ಬೆಳಗೊಳದಲ್ಲಿ ಬಾಹುಬಲಿಯ ಸಹಸ್ರಾಬ್ದಿ ಮಹಾಮಸ್ತಕಾಭಿಷೇಕವೂ ನೆರವೇರಿತು. ಚಾಮುಂಡರಾಯನ ಎರಡು ಪ್ರತಿಷ್ಠೆಗಳೂ ಒಂದೇ ಕಾಲದಲ್ಲಿ ನವೀಕರಣಗೊಂಡಂತಾಯಿತು.

ಬಸದಿಯ ಪ್ರತಿಷ್ಠೆಯೆಂದರೆ ಬಾಗಿಲು ತೆರೆಯುವ ಹಬ್ಬ. ಗರ್ಭಗೃಹದ ಬಾಗಿಲು ತೆರೆದು ಜಿನಬಿಂಬದ ದರ್ಶನವಾದಾಗ ನಮ್ಮ ಕಣ್ಣು ತುಂಬುತ್ತದೆ. ಅದೇ ದಿನ, ಅದೇ ಬಸದಿಯ ಒಳಗಿರುವ ಶಾಸ್ತ್ರದ ಪೆಟ್ಟಿಗೆಯ ಬಾಗಿಲೂ ತೆರೆಯಲಿ. ಅದರಲ್ಲಿ ಯಾವ ಗ್ರಂಥಗಳಿವೆಯೆಂದು ಪಟ್ಟಿಯಾಗಲಿ. ಓಲೆಗಳಿದ್ದರೆ ಹುಳುಹುಪ್ಪಟೆಯಿಂದ ಅವನ್ನು ಕಾಪಾಡಿ, ಬಲ್ಲವರಿಂದ ಓದಿಸುವ ಏರ್ಪಾಡಾಗಲಿ. ಮಕ್ಕಳಿಗೆ ವಾರಕ್ಕೊಂದು ದಿನವಾದರೂ ಗೊಮ್ಮಟಸಾರದ ಒಂದು ಗಾಥೆಯ ಅರ್ಥವನ್ನು ಹೇಳುವ ಪಾಠ ನಡೆಯಲಿ. ಇದಕ್ಕೆ ಅಪಾರ ಧನ ಬೇಕಾಗಿಲ್ಲ, ಬಿಡುವು ಬೇಕು. ಹೈಕೋರ್ಟಿನ ಮುಖ್ಯ ನ್ಯಾಯಾಧೀಶರೊಬ್ಬರಿಗೆ ದೊರೆತ ಬಿಡುವು ನಮಗೆ ದೊರೆಯುವುದಿಲ್ಲವೆಂದು ಹೇಳಲು ನಾಲಿಗೆ ಏಳಬಾರದು.

ಶ್ರೀ ಜಗಮಂದರಲಾಲ ಜೈನಿಯವರು ಕಲ್ಲಿನ ಬಸದಿಯನ್ನು ಕಟ್ಟಿಸಿದರೆಂದು ನಾವು ಅವರನ್ನು ಸ್ಮರಿಸುತ್ತಿಲ್ಲ. ಜಿನವಾಣಿಯು ಲೋಕದ ಯಾವ ನ್ಯಾಯಾಲಯದ ಮುಂದೆಯೂ, ಯಾವ ವಿದ್ವತ್ಸಭೆಯ ಮುಂದೆಯೂ ನಿರಾಧಾರವಾಗಿ ನಿಲ್ಲಬಾರದೆಂದು ಅವರು ತಮ್ಮ ಆಯುಷ್ಯವನ್ನು ವ್ಯಯಿಸಿದರು. ಅವರು ಬಿಚ್ಚಿದ ಶಾಸ್ತ್ರದ ಕಟ್ಟನ್ನು ನಾವು ಮತ್ತೆ ಬಿಗಿದು ಇಡದಿರುವುದೇ ಅವರಿಗೆ ಸಲ್ಲುವ ನಿಜವಾದ ಶ್ರದ್ಧಾಂಜಲಿ.